ಆನೆಯಿಲ್ಲದ ಓಟ

ತಿರುಗಿ ನೋಡಿದರೆ ನನ್ನ ಹಿಂದೆ ಪಣಕಹಳ್ಳಿಯ ಅರ್ಧ ಊರೇ ಓಡಿ ಬರುತ್ತಿತ್ತು! ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವರೆಲ್ಲ ಕೈಲಿದ್ದುದನ್ನು ಬಿಸಾಡಿ, ಸೀರೆ ಎತ್ತಿ ಕಟ್ಟಿ ಓಡುತ್ತಿದ್ದರು. ಅದು ಎಂಬತ್ತರ ದಶಕ. ಹೈಸ್ಕೂಲಿನ ದೂರದ ಓಟದ ಸ್ಪರ್ಧೆಗೆಂದು ನಾನು ಲಂಗ ಬಿಗಿದು ತಾಳವಾಡಿ ರಸ್ತೆಯಲ್ಲಿ ಅಭ್ಯಾಸಕ್ಕಿಳಿದ ಮೊದಲ ಬೆಳಿಗ್ಗೆ.

ಹೆದರಿ ಇನ್ನೂ ಜೋರಾಗಿ ಓಡಿದೆ. ಆದರೂ ಪಕ್ಕದ ಮನೆಯ ಮಾದಮ್ಮಜ್ಜಿ ನನ್ನನ್ನು ಹಿಡಿದೇಬಿಟ್ಟಳು.

“ಆನ ಎಲ್ಲಿಗಂಟ ಬಂದದವ್ವ?”

ಕಾಡಂಚಿನ ನಮ್ಮೂರಲ್ಲಿ ಜನ ಓಡುತ್ತಿದ್ದುದು ಆನೆ ಬಂದರೆ ಮಾತ್ರ. ಆನೆಯೂ ಇಲ್ಲ ಏನೂ ಇಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದಾಗ ಅಜ್ಜಿಗೆ ರೇಗಿಹೋಯಿತು.

“ಅಂಗಾದ್ರ ಆನ ಇಲ್ಲ ಅಂತ ಕೂಕ್ಕಂಡು ಓಡು!”

ಮರುದಿನದಿಂದ ದಾರಿಯುದ್ದಕ್ಕೂ “ಆನ ಇಲ್ಲಾ, ಆನ ಇಲ್ಲಾ” ಎಂದು ಕೂಗುತ್ತಲೇ ಓಡಿದೆ. ಮೊದಮೊದಲು ಎದೆ ಒಡೆದುಹೋಗುವಂತಾಗುತ್ತಿತ್ತು. ಸ್ಪರ್ಧೆಯ ದಿನ ಬಾಯಿ ಮುಚ್ಚಿಕೊಂಡು ಓಡಿದ್ದೇ ಓಡಿದ್ದು, ಉಳಿದವರೆಲ್ಲ ಏದುಸಿರು ಬಿಡುತ್ತಿದ್ದರೂ ನನ್ನಲ್ಲಿ ಉಸಿರು ಇನ್ನೂ ಮಿಕ್ಕಿತ್ತು. ಮೊದಲನೆಯವಳಾಗಿ ಬಂದೆ. ಮಾದಮ್ಮಜ್ಜಿ ಓಡಲು ಬಂದಿರಲಿಲ್ಲವಲ್ಲ!

ಆಗ ಗಳಿಸಿದ ಉಸಿರು ಈ ವಯಸ್ಸಿನಲ್ಲೂ ಕೈಕೊಟ್ಟಿಲ್ಲ. ಹೊರಟ ಬಸ್ಸನ್ನು ಈಗಲೂ ಓಡಿ ಹಿಡಿಯುತ್ತೇನೆ. ಆದರೆ ಓಡಲು ಶುರುಮಾಡಿದರೆ ಸಾಕು, ಬಾಯಿ ತಾನಾಗಿ ಕೂಗಿಬಿಡುತ್ತದೆ: “ಆನ ಇಲ್ಲಾ!”