ಅರ್ಧ ಬೆಲೆಯ ಸ್ಪಾನರ್ ಪೆಟ್ಟಿಗೆ

ರಾಜಾಜಿನಗರದ ಭಾಷ್ಯಂ ಸರ್ಕಲ್ಲಿನಿಂದ ಎರಡು ರಸ್ತೆ ಒಳಗೆ, ಹೊಂಗೆ ಮರದ ಕೆಳಗೆ ಸೋಮಲಿಂಗಪ್ಪನವರ ಸ್ಕೂಟರ್ ಷೆಡ್ ಇತ್ತು. ತರೀಕೆರೆ ಕಡೆಯವರು. ಹದಿನೆಂಟನೆಯ ವಯಸ್ಸಿಗೆ ಬೆಂಗಳೂರಿಗೆ ಬಂದು, ಮೈಸೂರು ರಸ್ತೆಯ ಒಂದು ದೊಡ್ಡ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ದುಡಿದು, ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಈ ಸ್ವಂತ ಷೆಡ್ ಹಾಕಿದ್ದರು. ಷೆಡ್ಡಿನ ಹಿಂದೆಯೇ ಎರಡು ಕೋಣೆಯ ಮನೆ. ಹಣೆಯಲ್ಲಿ ವಿಭೂತಿ, ಮೈಮೇಲೆ ಖಾಕಿ ಷರ್ಟು, ಬಾಯಲ್ಲಿ ಮಾತು ಕಡಿಮೆ.

ಷೆಡ್ಡಿನೊಳಗೆ ಬೆಲೆಬಾಳುವುದೆಂದರೆ ಗೋಡೆಗೆ ಹೊಡೆದ ಒಂದು ಹಲಗೆ. ಅದರ ಮೇಲೆ ಸ್ಪಾನರುಗಳು ಸಾಲಾಗಿ ತೂಗುತ್ತಿದ್ದವು. ಒಂದೊಂದರ ಹಿಂದೆಯೂ ಅದರದೇ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದಿದ್ದರು, ಒಂದು ಕಾಣೆಯಾದರೆ ಬಾಗಿಲಿನಿಂದಲೇ ಗೊತ್ತಾಗಬೇಕು. ಗ್ಯಾರೇಜಿನ ಸಂಬಳದಲ್ಲಿ ಉಳಿಸಿ, ಒಳ್ಳೆಯ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ತೂಗಿ ನೋಡಿ, ಒಂದೊಂದಾಗಿ ಕೊಂಡವು ಅವು. ಹದಿನಾಲ್ಕನೇ ನಂಬರಿನದು ಮಗಳು ಹುಟ್ಟಿದ ವರ್ಷದ್ದು. ಸಂಜೆ ಷೆಡ್ ಮುಚ್ಚುವ ಮೊದಲು ಎಲ್ಲವನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಯಾರಿಗೂ ಕೊಡುತ್ತಿರಲಿಲ್ಲ. ಹೆಂಡತಿ ಬಸವರಾಜೇಶ್ವರಿ ಒಮ್ಮೆ ಸ್ಟೌ ಬಿಚ್ಚಲು ಸ್ಕ್ರೂಡ್ರೈವರ್ ಕೇಳಿದಾಗ, ತಾವೇ ಬಂದು ಮಾಡಿಕೊಡುವುದಾಗಿ ಹೇಳಿ ಮೂರು ದಿನ ತಡೆದಿದ್ದರು.

ಅವರಿಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ. ಇರಲು ಕಾರಣವೂ ಇರಲಿಲ್ಲ, ಆ ಸುತ್ತಿನಲ್ಲಿ ಬೇರೆ ಸ್ಕೂಟರ್ ಷೆಡ್ಡೇ ಇರಲಿಲ್ಲವಲ್ಲ. ಹೊಸ ಸ್ಕೂಟರಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ಇದ್ದ ಹಳೆಯ ಗಾಡಿಯನ್ನೇ ಆಫೀಸಿನವರು ಮತ್ತೆ ಮತ್ತೆ ರಿಪೇರಿ ಮಾಡಿಸಿ ಓಡಿಸುತ್ತಿದ್ದರು. ಬಂದರೆ ಸೋಮಲಿಂಗಪ್ಪನವರ ಹತ್ತಿರವೇ ಬರಬೇಕಿತ್ತು.

ಎಪ್ಪತ್ತನಾಲ್ಕರ ದೀಪಾವಳಿ ಕಳೆದ ಮೇಲೆ ರಸ್ತೆಯ ಆಚೆ ಬದಿಯಲ್ಲಿ ಖಾಲಿ ಬಿದ್ದಿದ್ದ ಮಳಿಗೆಯ ಬಾಗಿಲು ತೆರೆಯಿತು. ಪದ್ಮನಾಭ ಎಂಬ ಇಪ್ಪತ್ತಾರರ ಯುವಕ. ಹೊಸಹಳ್ಳಿಯ ಸ್ಕೂಲು ಮೇಷ್ಟರ ಮಗ, ಐ.ಟಿ.ಐ. ಮುಗಿಸಿ ಫ್ಯಾಕ್ಟರಿ ಕೆಲಸ ಸಿಗದೆ ಸ್ವಂತ ಕೆಲಸಕ್ಕೆ ಇಳಿದಿದ್ದ. ಮೊದಲ ದಿನ ಅವನು ಕೈಯಲ್ಲೊಂದು ಹಸಿರು ತಗಡಿನ ಪೆಟ್ಟಿಗೆ ಹಿಡಿದು ರಸ್ತೆ ದಾಟಿ ಬಂದು, "ಆಶೀರ್ವಾದ ಮಾಡ್ಬೇಕು ಯಜಮಾನ್ರೇ" ಎಂದು ಕೈಮುಗಿದ. ಆಮೇಲೆ ಸಂಭ್ರಮದಿಂದ ಪೆಟ್ಟಿಗೆ ತೆರೆದು ತೋರಿಸಿದ. ಸ್ಪಾನರು, ಸ್ಕ್ರೂಡ್ರೈವರು, ಇಕ್ಕಳ, ಅರ, ಸುತ್ತಿಗೆ ಎಲ್ಲ ಸೇರಿ ನಲವತ್ತೆರಡು ಸಾಮಾನು. ಚಿಕ್ಕಪೇಟೆಯ ಅಂಗಡಿಯೊಂದು ಬಾಗಿಲಿಗೆ ಬಟ್ಟೆಯ ಬ್ಯಾನರ್ ಕಟ್ಟಿ ಅರ್ಧ ಬೆಲೆಗೆ ಮಾರುತ್ತಿತ್ತಂತೆ. ಅವನು ಹೇಳಿದ ಬೆಲೆಗೆ ಸೋಮಲಿಂಗಪ್ಪನವರ ಹಲಗೆಯಿಂದ ಹೆಚ್ಚೆಂದರೆ ಮೂರು ಸ್ಪಾನರ್ ಬರುತ್ತಿದ್ದವು.

ಅವರು ಒಂದನ್ನು ಎತ್ತಿ ಉಗುರಿನಿಂದ ತಟ್ಟಿ ನೋಡಿದರು. ಹಗುರ. ಮೇಲಿನ ನಿಕ್ಕಲ್ ಹೊಳಪು ಆಗಲೇ ಒಂದು ಮೂಲೆಯಲ್ಲಿ ಎದ್ದಿತ್ತು. ಚೆನ್ನಾಗಿದೆ ಎಂದು ಹೇಳಿ ವಾಪಸು ಕೊಟ್ಟರು. ಮೂರು ತಿಂಗಳು ಬಾಳಿದರೆ ಹೆಚ್ಚು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದರು.

ಮೂರು ತಿಂಗಳು ಕಳೆಯಿತು. ಪದ್ಮನಾಭನ ಮಳಿಗೆಯ ಮುಂದೆ ಬೆಳಗ್ಗೆ ಆರೇಳು ಸ್ಕೂಟರ್ ನಿಲ್ಲತೊಡಗಿದವು. ಸೋಮಲಿಂಗಪ್ಪನವರು ತಮ್ಮ ಸ್ಟೂಲನ್ನು ಒಂದು ದಿನ ಸ್ವಲ್ಪ ಎಡಕ್ಕೆ ಸರಿಸಿಕೊಂಡರು. ಬಿಸಿಲಿಗೆ ಎಂದರು. ಅಲ್ಲಿಂದ ಎದುರಿನ ಮಳಿಗೆ ಪೂರ್ತಿ ಕಾಣುತ್ತಿತ್ತು. ಯಾರ ಗಾಡಿ ಬಂತು, ಯಾರು ನಗುತ್ತಾ ಹೋದರು, ಯಾರು ನಿನ್ನೆಯವರೆಗೆ ತಮ್ಮ ಗಿರಾಕಿ, ಎಲ್ಲವನ್ನೂ ಗಮನಿಸುತ್ತಿದ್ದರು. ಕೈಯಲ್ಲಿದ್ದ ಕೆಲಸ ತಡವಾಗುತ್ತಿತ್ತು, ಅದಕ್ಕೇ ಇನ್ನೊಬ್ಬ ಗಿರಾಕಿ ಎದುರು ಕಡೆ ಹೋಗುತ್ತಿದ್ದ.

ಅವರು ಬಯಸಿದಂತೆ ಸ್ಪಾನರುಗಳು ಕೆಟ್ಟದ್ದೂ ಉಂಟು. ಒಂದರ ಬಾಯಿ ಅಗಲವಾಯಿತು, ಇಕ್ಕಳದ ಒಂದು ತುಟಿ ಮುರಿಯಿತು. ಅಂಥ ದಿನ ಸೋಮಲಿಂಗಪ್ಪನವರಿಗೆ ಊಟ ರುಚಿಸುತ್ತಿತ್ತು. ಆದರೆ ಪದ್ಮನಾಭ ತಲೆಮೇಲೆ ಕೈ ಹೊತ್ತು ಕೂರಲಿಲ್ಲ. ಬಾಯಿ ಹೋದ ಸ್ಪಾನರನ್ನು ಗರಗಸದಿಂದ ಅರ್ಧಕ್ಕೆ ಕತ್ತರಿಸಿ, ಉಳಿದ ತುದಿಯನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದ. ಆ ಸೊಟ್ಟ ತುಂಡು ಕಾರ್ಬುರೇಟರಿನ ಹಿಂದಿನ ನಟ್ಟಿಗೆ ನೇರವಾಗಿ ಹೋಗಿ ಕೂರುತ್ತಿತ್ತು. ಸೋಮಲಿಂಗಪ್ಪನವರಿಗೆ ಆ ನಟ್ಟು ಮುಟ್ಟಲು ಸುತ್ತಲಿನದೆಲ್ಲ ಬಿಚ್ಚಿ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಅವನು ಹತ್ತು ನಿಮಿಷದಲ್ಲಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ.

ಅದನ್ನು ಕಂಡ ದಿನ ಅವರು ತಮ್ಮ ಹಲಗೆಯತ್ತ ನೋಡಿದರು. ಅದರಲ್ಲಿ ಒಂದನ್ನು ಕತ್ತರಿಸುವುದೆಂದರೆ ತಮ್ಮ ಬೆರಳನ್ನೇ ಕತ್ತರಿಸಿಕೊಂಡ ಹಾಗೆ. ಅಗ್ಗದ ಸಾಮಾನು ಇಟ್ಟುಕೊಂಡವನಿಗೆ ಆ ಭಯವೇ ಇಲ್ಲ. ಇದು ಅವರಿಗೆ ಸಹಿಸಲಾಗದ ವಿಷಯವಾಯಿತು. ಅಂದಿನಿಂದ ಗಿರಾಕಿಗಳ ಮುಂದೆ, ತಗಡಿನ ಸ್ಪಾನರು ನಟ್ಟಿನ ಮೂಲೆ ತಿನ್ನುತ್ತದೆ, ಗಾಡಿ ನಿಮ್ಮದು, ನೋಡಿಕೊಳ್ಳಿ ಎಂದು ಹೇಳತೊಡಗಿದರು. ಹೇಳಿದ್ದು ನಿಜವೇ. ಹೇಳಿದ ಕಾರಣ ಮಾತ್ರ ಬೇರೆ ಎಂದು ಅವರಿಗೂ ಒಳಗೊಳಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಹೋದಾಗ ಅಡುಗೆಮನೆಯ ಮೊಳೆಯಲ್ಲಿ ಹೊಸ ಇಕ್ಕಳವೊಂದು ತೂಗುತ್ತಿತ್ತು. ಹಗುರ, ನಿಕ್ಕಲ್ ಹೊಳಪು. ಕೇಳಬೇಕಾಗಿರಲಿಲ್ಲ, ಆದರೂ ಕೇಳಿದರು.

"ಪದ್ಮನಾಭ ಕೊಟ್ಟ" ಎಂದರು ಬಸವರಾಜೇಶ್ವರಿ, ತಟ್ಟೆಗೆ ರೊಟ್ಟಿ ಹಾಕುತ್ತಾ. "ಸ್ಟೌ ಬತ್ತಿ ಎಳೆಯೋಕೆ ಅಂತ ಕೇಳ್ದೆ. ಇಟ್ಕೊಳ್ಳಿ ಅಮ್ಮ, ಇನ್ನೊಂದಿದೆ ಅಂದ. ನಿಮ್ ಗೋಡೆ ಮೇಲಿರೋದನ್ನ ನಾನು ಮುಟ್ಟಂಗಿಲ್ಲ. ಬತ್ತಿ ಎಳೆಯೋಕೆ ಇಷ್ಟು ಸಾಕಲ್ರೀ."

ಸೋಮಲಿಂಗಪ್ಪನವರು ಅರ್ಧ ರೊಟ್ಟಿ ಬಿಟ್ಟು ಎದ್ದರು. ಗಿರಾಕಿ ಹೋಗಿದ್ದನ್ನು ತಡೆದುಕೊಂಡಿದ್ದರು, ಮನೆಯೊಳಗೇ ಅವನ ಸಾಮಾನು ಬಂದು ನೇತುಹಾಕಿಕೊಂಡದ್ದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಮುಂದಿನ ಸೋಮವಾರ ಷೆಡ್ಡಿಗೆ ರಜೆ. ದೇವಸ್ಥಾನಕ್ಕೆ ಎಂದು ಹೇಳಿ ಹೊರಟವರು ಬಸ್ಸು ಹತ್ತಿ ಚಿಕ್ಕಪೇಟೆಗೆ ಹೋದರು. ಬ್ಯಾನರಿನ ಬಣ್ಣ ಬಿಸಿಲಿಗೆ ಮಾಸಿತ್ತು, ಅರ್ಧ ಬೆಲೆಯ ಮಾರಾಟ ಇನ್ನೂ ಮುಗಿದಿರಲಿಲ್ಲ. ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಎರಡು ಸಲ ಹಿಂದೆ ತಿರುಗಿ ನೋಡಿ ಒಳಗೆ ಹೊಕ್ಕರು. ಹೊರಬಂದಾಗ ಕೈಚೀಲದಲ್ಲಿ ಹಸಿರು ಪೆಟ್ಟಿಗೆ, ಅದರ ಮೇಲೆ ಮುಚ್ಚಲು ಎರಡು ಕಟ್ಟು ದಂಟಿನ ಸೊಪ್ಪು. ಪೆಟ್ಟಿಗೆಯನ್ನು ಷೆಡ್ಡಿನ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಬಚ್ಚಿಟ್ಟರು.

ವಾರದೊಳಗೆ ಗಂಗಾಧರಯ್ಯನವರ ಲ್ಯಾಂಬ್ರೆಟಾ ಬಂತು. ಗಂಗಾಧರಯ್ಯ ಸರ್ಕಾರಿ ಕಚೇರಿಯ ಗುಮಾಸ್ತರು, ಸೋಮಲಿಂಗಪ್ಪನವರ ಮೊದಲ ಗಿರಾಕಿ. ಎಲ್ಲರೂ ರಸ್ತೆ ದಾಟಿದಾಗಲೂ ದಾಟದೆ ಉಳಿದವರು. ಮಗಳ ಮದುವೆಗೆ ಹತ್ತೇ ದಿನ ಇತ್ತು, ಮಾರನೆಯ ಬೆಳಗ್ಗೆ ಕೆಂಗೇರಿಯ ಕಡೆ ಲಗ್ನಪತ್ರಿಕೆ ಹಂಚಲು ಹೋಗಬೇಕಾಗಿತ್ತು. ಗಾಡಿ ಉಸಿರು ಕಟ್ಟಿದಂತೆ ಓಡುತ್ತಿತ್ತು. ಸೈಲೆನ್ಸರ್ ಇಳಿಸಿ, ಒಳಗೆ ಕಟ್ಟಿದ ಕರಿ ಕೆರೆದು ತೆಗೆದರೆ ಸರಿಹೋಗುತ್ತದೆ, ಸಂಜೆಗೆ ಕೊಡುತ್ತೇನೆ ಎಂದರು ಸೋಮಲಿಂಗಪ್ಪ.

ಸೈಲೆನ್ಸರಿನ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅವರು ಹಲಗೆಯ ಹದಿನಾಲ್ಕನ್ನು ತೆಗೆಯಲು ಕೈ ಎತ್ತಿ ನಿಲ್ಲಿಸಿದರು. ಇಂಥ ಒರಟು ಕೆಲಸಕ್ಕೆ ಇದನ್ನೇಕೆ ಸವೆಸಬೇಕು, ಅದಕ್ಕೆಂದೇ ಅಗ್ಗದ್ದು ಇದೆಯಲ್ಲ ಎನ್ನಿಸಿತು. ಗೋಣಿಯ ಕೆಳಗಿನಿಂದ ಹೊಸ ಸ್ಪಾನರ್ ತೆಗೆದು ನಟ್ಟಿಗೆ ಕೊಟ್ಟು ಬಲವಾಗಿ ಎಳೆದರು. ಸ್ಪಾನರಿನ ಬಾಯಿ ಹಿಗ್ಗಿತು, ಜಾರಿತು, ಅವರ ಮುಷ್ಟಿ ಹೋಗಿ ಇಂಜಿನ್ನಿಗೆ ಬಡಿದು ಗೆಣ್ಣಿನ ಚರ್ಮ ಕಿತ್ತುಬಂತು. ಸಿಟ್ಟಿನಿಂದ ಇನ್ನೊಮ್ಮೆ ಎಳೆದರು. ಈ ಸಲ ನಟ್ಟಿನ ಆರು ಮೂಲೆಯೂ ಸವೆದು ಗೋಲಿಯಂತೆ ದುಂಡಗಾಯಿತು.

ಆಮೇಲೆ ಒಳ್ಳೆಯ ಸ್ಪಾನರ್ ಹಾಕಿದರೂ ಹಿಡಿತ ಸಿಗಲಿಲ್ಲ. ಅರದಿಂದ ಉಜ್ಜಿ ಮೂಲೆ ಮಾಡೋಣವೆಂದರೆ ಅವರ ಒಂದಡಿ ಉದ್ದದ ಅರ ಆ ಸಂದಿಗೆ ಹೋಗಲಿಲ್ಲ. ಉಳಿಯಿಟ್ಟು ಹೊಡೆದರೆ ಎರಕದ ಸಿಲಿಂಡರಿನಲ್ಲಿ ನಟ್ಟು ಕೂತ ಕಿವಿ ಸೀಳುವ ಭಯ. ಇಪ್ಪತ್ತೈದು ವರ್ಷದ ಹತ್ತಿರಹತ್ತಿರ ಕೆಲಸ ಮಾಡಿ ಅವರು ಒಂದು ನಟ್ಟನ್ನೂ ಹೀಗೆ ಕೆಡಿಸಿದವರಲ್ಲ. ಆದ್ದರಿಂದಲೇ ಕೆಟ್ಟ ನಟ್ಟಿನ ಉಪಾಯ ಅವರಿಗೆ ತಿಳಿದಿರಲಿಲ್ಲ. ದೊಡ್ಡ ಗ್ಯಾರೇಜಿನಲ್ಲಿ ಅಂಥದ್ದನ್ನು ವೆಲ್ಡಿಂಗಿನವರ ಕಡೆ ತಳ್ಳುತ್ತಿದ್ದರು.

ನಾಲ್ಕು ಗಂಟೆಯವರೆಗೆ ಕೂತರು. ಎದುರಿಗೆ ಪದ್ಮನಾಭ ಯಾರ ಜೊತೆಗೋ ಮಾತಾಡುತ್ತಾ ನಗುತ್ತಿದ್ದ. ಆ ರಸ್ತೆ ಅಗಲವೆಂದರೆ ಮೂವತ್ತು ಅಡಿ. ದಾಟಲು ಅವರಿಗೆ ತರೀಕೆರೆಯಿಂದ ನಡೆದು ಬಂದಷ್ಟು ದಣಿವಾಯಿತು.

"ಒಂದು ನಟ್ಟು ಹಿಡ್ಕೊಂಡಿದೆ. ಸ್ವಲ್ಪ ನೋಡ್ತೀಯಾ?" ಎಂದರು.

ಪದ್ಮನಾಭ ತಕ್ಷಣ ಎದ್ದು ಬಂದ. ಬಗ್ಗಿ ನಟ್ಟು ನೋಡಿದವನು ಯಾವ ಸ್ಪಾನರ್ ಹಾಕಿದಿರಿ ಎಂದು ಕೇಳಿದ. ಗಾಡಿಯವರೇ ಎಲ್ಲೋ ತಿರುಗಿಸಿ ಕೆಡಿಸಿಕೊಂಡು ಬಂದಿದ್ದಾರೆ ಎಂದುಬಿಟ್ಟರು ಸೋಮಲಿಂಗಪ್ಪ. ಪದ್ಮನಾಭ ಅವರ ಗೆಣ್ಣಿನ ಹಸಿ ಗಾಯ ನೋಡಿದ, ಮತ್ತೆ ನಟ್ಟಿನತ್ತ ತಿರುಗಿದ. ಅವನು ನೋಡಿದ ರೀತಿ ಅವರಿಗೆ ನಾಚಿಕೆ ತಂದಿತು. ಮಾಡದ ತಪ್ಪನ್ನು ತಮ್ಮನ್ನು ಬಿಟ್ಟುಹೋಗದ ಮನುಷ್ಯನ ತಲೆಗೆ ಕಟ್ಟಿದ್ದರು. ಎದ್ದು ಹೋಗಿ ಗೋಣಿ ಸರಿಸಿ, ಹಸಿರು ಪೆಟ್ಟಿಗೆಯನ್ನು ತಂದು ಅವನ ಮುಂದಿಟ್ಟರು.

"ಸುಳ್ಳು ಹೇಳ್ದೆ. ನಾನೇ ಕೆಡಿಸಿದ್ದು. ಇದರಿಂದ" ಎಂದರು.

ಪದ್ಮನಾಭ ನಗಲಿಲ್ಲ. ಪೆಟ್ಟಿಗೆ ತೆರೆದು ಎರಡು ಸ್ಪಾನರ್ ಎತ್ತಿ ಪಕ್ಕಕ್ಕಿಟ್ಟ. "ಹದಿನಾಲ್ಕು, ಹದಿನೇಳು, ಇವೆರಡನ್ನ ನಂಬ್ಬೇಡಿ ಯಜಮಾನ್ರೇ. ನಾನು ಮೊದಲನೇ ತಿಂಗಳೇ ಬಿಸಾಕ್ದೆ. ಎಷ್ಟು ಗಾಡಿಗಳಿಗೆ ನಟ್ಟು ಕೆಡಿಸಿ, ಕೈಯಿಂದ ದುಡ್ಡು ಹಾಕಿ ಹೊಸದು ಹಾಕ್ಕೊಟ್ಟಿದೀನಿ ಅಂತ ನನಗೊಬ್ಬನಿಗೇ ಗೊತ್ತು. ಬೇರೆ ದಾರಿ ಇದ್ದಿದ್ರೆ ನಾನ್ಯಾಕೆ ಈ ಪೆಟ್ಟಿಗೆ ತಗೋತಿದ್ದೆ? ಒಳ್ಳೇದಕ್ಕೆ ಕಾಯ್ತಾ ಕೂತಿದ್ರೆ ಇವತ್ತಿಗೂ ಅಂಗಡಿ ತೆಗೀತಿರ್ಲಿಲ್ಲ."

ಅವನು ತನ್ನ ಮಳಿಗೆಯಿಂದ ಗೇಣುದ್ದದ ಒಂದು ಅರ ತಂದ. ಮುರಿದು ಗಿಡ್ಡ ಮಾಡಿಕೊಂಡ ಅಗ್ಗದ ಅರ. ಅದು ಸಂದಿಯೊಳಗೆ ಸಲೀಸಾಗಿ ಆಡಿತು. ನಟ್ಟಿನ ಎದುರುಬದುರಿನ ಎರಡು ಮೈಗಳನ್ನು ತಾಳ್ಮೆಯಿಂದ ಉಜ್ಜಿ, ಒಂದು ನಂಬರ್ ಕೆಳಕ್ಕೆ ಇಳಿಸಿ ಚಪ್ಪಟೆ ಮಾಡಿದ. ಸೀಮೆಎಣ್ಣೆ ಹಾಕಿ ಕಾದ. ಆಮೇಲೆ ತನ್ನ ಸ್ಪಾನರ್ ಇದಕ್ಕೆ ಆಗುವುದಿಲ್ಲ, ನಿಮ್ಮ ಹದಿಮೂರು ಕೊಡಿ ಎಂದು ಕೈ ಚಾಚಿದ.

ಸೋಮಲಿಂಗಪ್ಪನವರು ಹಲಗೆಯಿಂದ ತೆಗೆದು ಕೊಟ್ಟರು. ಬೇರೆಯವರ ಕೈಗೆ ಅದು ಹೋದದ್ದು ಅದೇ ಮೊದಲು. ಸ್ಪಾನರ್ ಕಚ್ಚಿ ಕೂತಿತು. ಪದ್ಮನಾಭ ನಿಧಾನವಾಗಿ ಭಾರ ಹಾಕಿದ. ಒಂದು ಸಣ್ಣ ಕೀರಲು ಸದ್ದು ಬಂದು ನಟ್ಟು ತಿರುಗಿತು. ಕೆಲಸ ಆದ ಮೇಲೂ ಅವನು ಸ್ಪಾನರನ್ನು ತಕ್ಷಣ ಕೊಡಲಿಲ್ಲ. ಅಂಗೈಯಲ್ಲಿ ತೂಗಿ ನೋಡಿದ, ಬಾಯಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದ, ಗೋಡೆಯ ಹಲಗೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಆ ನೋಟವನ್ನು ಸೋಮಲಿಂಗಪ್ಪನವರು ಗುರುತು ಹಿಡಿದರು. ಎಷ್ಟೋ ತಿಂಗಳಿಂದ ತಮ್ಮ ಸ್ಟೂಲಿನ ಮೇಲೆ ಕೂತು ತಾವು ರಸ್ತೆಯಾಚೆ ಹರಿಸಿದ್ದೂ ಅದೇ ನೋಟ.

ಸಂಜೆ ಗಂಗಾಧರಯ್ಯನವರು ಗಾಡಿ ತೆಗೆದುಕೊಂಡು ಹೋದರು. ಹೊಸ ನಟ್ಟನ್ನು ಸೋಮಲಿಂಗಪ್ಪ ತಮ್ಮ ಲೆಕ್ಕದಲ್ಲೇ ಹಾಕಿದ್ದರು, ಯಾಕೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಇದಾದ ಮೇಲೆ ಮತ್ಸರ ಹೊರಟುಹೋಯಿತು ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ತಣ್ಣಗಾಯಿತು ಅಷ್ಟೆ. ಹಸಿರು ಪೆಟ್ಟಿಗೆಯ ಹನ್ನೊಂದನೇ ನಂಬರನ್ನು ಕತ್ತರಿಸಲು ಅವರು ಮೂರು ದಿನ ಮನಸ್ಸು ಮಾಡಿ, ನಾಲ್ಕನೆಯ ದಿನ ಗರಗಸ ಇಟ್ಟರು. ಕಾರ್ಬುರೇಟರಿನ ಕೆಲಸ ಅವರಿಗೂ ಹತ್ತು ನಿಮಿಷಕ್ಕೆ ಇಳಿಯಿತು. ಪದ್ಮನಾಭ ಆಗಾಗ ಬಂದು ಒಳ್ಳೆಯ ಸ್ಪಾನರ್ ಕೇಳುತ್ತಿದ್ದ. ಕೊಡುತ್ತಿದ್ದರು. ಆದರೆ ತಾವೂ ಅವನ ಹಿಂದೆಯೇ ಹೋಗಿ, ಕೆಲಸ ಮುಗಿಯುವ ತನಕ ಅಲ್ಲೇ ನಿಂತಿದ್ದು, ತೆಗೆದುಕೊಂಡೇ ಬರುತ್ತಿದ್ದರು.

ಎಪ್ಪತ್ತೇಳರಲ್ಲಿ ಪದ್ಮನಾಭ ವಿಜಯನಗರದಲ್ಲಿ ದೊಡ್ಡ ಜಾಗ ಹಿಡಿದ. ಪೂಜೆಗೆ ಕರೆದ, ಗಂಡ ಹೆಂಡತಿ ಇಬ್ಬರೂ ಹೋದರು. ಅಷ್ಟು ಹೊತ್ತಿಗೆ ಅವನೂ ದಿನ ಬಳಸುವ ಒಂಬತ್ತು ಸ್ಪಾನರುಗಳನ್ನು ಒಳ್ಳೆಯದೇ ಕೊಂಡಿದ್ದ. ಅದರಲ್ಲಿ ಒಂದು, ಸೋಮಲಿಂಗಪ್ಪನವರು ಅಂಗಡಿಯ ಗಾಜಿನ ಹಿಂದೆ ಮಾತ್ರ ಕಂಡಿದ್ದು. ಕೋಸಂಬರಿ ತಿನ್ನುತ್ತಾ ಅದನ್ನು ನಾಲ್ಕು ಸಲ ನೋಡಿದರು. ವಾಪಸು ಬರುವ ಬಸ್ಸಿನಲ್ಲಿ ಹೊಟ್ಟೆ ಹಿಂದಿನ ಹಾಗೆಯೇ ಉರಿಯಿತು.

ಮಾರನೆಯ ವರ್ಷ ಬೈರಯ್ಯ ಎಂಬವರು ಅವರನ್ನು ಹುಡುಕಿಕೊಂಡು ಬಂದರು. ಕೆಂಗೇರಿಯವರು, ನಲವತ್ತು ದಾಟಿದವರು, ಗಿರಣಿ ಕೆಲಸ ಬಿಟ್ಟು ಸೈಕಲ್ ಅಂಗಡಿ ಇಡುವ ಆಲೋಚನೆ ಮಾಡಿದ್ದರು. ಸಾಮಾನು ಅಗ್ಗದ್ದು ಕೊಳ್ಳಲೋ ಒಳ್ಳೆಯದು ಕೊಳ್ಳಲೋ ಎಂದು ಕೇಳಿದರು. ಸೋಮಲಿಂಗಪ್ಪನವರು ಯೋಚಿಸಿ ಯೋಚಿಸಿ ಹೇಳಿದರು. ದಿನಾ ಕೈಗೆ ಬರುವ ಎರಡು ಮೂರನ್ನು ಸಾಲ ಮಾಡಿಯಾದರೂ ಒಳ್ಳೆಯದು ತೆಗೆದುಕೊಳ್ಳಿ, ಉಳಿದದ್ದು ಅಗ್ಗದ್ದಿದ್ದರೂ ನಡೆಯುತ್ತದೆ. ವರ್ಷಕ್ಕೊಮ್ಮೆ ಬೇಕಾಗುವುದು, ಕತ್ತರಿಸಿ ಬಗ್ಗಿಸಬೇಕಾದದ್ದು, ಕೇಳಿದವರಿಗೆ ಕೊಡುವಂಥದ್ದು ಅಗ್ಗದ್ದೇ ಇರಲಿ. ತುಕ್ಕು ಹಿಡಿದದ್ದಕ್ಕೆ ಮಾತ್ರ ಅಗ್ಗದ್ದು ಹಾಕಬೇಡಿ. ಸುತ್ತಿಗೆಯಲ್ಲಿ ಉಳಿತಾಯ ನೋಡಬೇಡಿ, ತಲೆ ಹಾರಿದರೆ ಯಾರ ಕಣ್ಣಿಗೆ ಬೀಳುತ್ತದೋ ಗೊತ್ತಿಲ್ಲ.

ಬೈರಯ್ಯ ಎಲ್ಲವನ್ನೂ ಕೇಳಿ, ವಿಜಯನಗರದಲ್ಲಿ ಪದ್ಮನಾಭ ಅಂತ ಒಬ್ಬರಿದ್ದಾರಂತಲ್ಲ, ಅವರನ್ನೂ ಒಂದು ಮಾತು ಕೇಳಿದರೆ ಹೇಗೆ ಎಂದರು.

ಸೋಮಲಿಂಗಪ್ಪನವರು ಕೈಯಲ್ಲಿದ್ದ ಸ್ಪಾನರನ್ನು ಒರೆಸಿ ಹಲಗೆಗೆ ತೂಗುಹಾಕಿದರು. ಆಮೇಲೆ, "ಕೇಳಿ. ನನಗಿಂತ ಚೆನ್ನಾಗಿ ಹೇಳ್ತಾನೆ" ಎಂದು, ಯಾವ ಬಸ್ಸು ಹಿಡಿಯಬೇಕೆಂದೂ ತಿಳಿಸಿದರು.

ಊಟಕ್ಕೆ ಕೂತಾಗ ಇದನ್ನು ಹೆಂಡತಿಗೆ ಹೇಳಿದರು. ಹಾಗೆ ಹೇಳುವಾಗ ಉರಿಯಲಿಲ್ಲವೇ ಎಂದು ಬಸವರಾಜೇಶ್ವರಿ ಕೇಳಿದರು.

"ಉರೀತು" ಎಂದರು ಸೋಮಲಿಂಗಪ್ಪ, ಇನ್ನೊಂದು ರೊಟ್ಟಿಗೆ ತಟ್ಟೆ ಮುಂದೆ ಸರಿಸುತ್ತಾ.