ಎನೈದಾಳ ಫ್ರಿಜ್ಜು

ಕರೆಂಟು ಹೋದರೆ ನಮ್ಮ ಕೇರಿಯ ಹೆಂಗಸರು ಕೈಯಲ್ಲಿದ್ದುದನ್ನು ಬಿಟ್ಟು ಓಡಿ ಫ್ರಿಜ್ಜಿನ ಪ್ಲಗ್ಗು ಕೀಳುತ್ತಾರೆ. ವಾಪಸು ಬರುವ ಕರೆಂಟು ಗೂಳಿಯ ಹಾಗೆ ನುಗ್ಗಿ ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ಪಕ್ಕದ ಮನೆಯ ಎನೈದಾಳಷ್ಟು ಚುರುಕಾಗಿ ಕೀಳುವವರು ಸಾಂತಿಯಾಗೊ ಊರಲ್ಲೇ ಇರಲಿಲ್ಲ. ಕಂಡವರ ಬಟ್ಟೆ ಇಸ್ತ್ರಿ ಮಾಡಿ ಬೆನ್ನು ಮುರಿದುಕೊಂಡು ತಂದ ಫ್ರಿಜ್ಜು ಅದು. ಹುಣಸೆಹಣ್ಣಿನ ಐಸ್ ಕ್ಯಾಂಡಿ ಮಾಡಿ ಕಿಟಕಿಯಲ್ಲೇ ಮಾರುತ್ತಿದ್ದಳು. ಒಲೆ ಉರಿಯುತ್ತಿದ್ದುದೇ ಅದರಿಂದ. ಗಂಡ ನೆರೇಯೊನಿಗೆ ಕೋಳಿ ಕಾಳಗ ಬಿಟ್ಟರೆ ಬೇರೆ ಪ್ರಪಂಚವಿಲ್ಲ.

ಆ ಪ್ಲಗ್ಗು ಸಾಕೆಟ್ಟಿನಲ್ಲಿ ಜೋತಾಡಲು ಶುರುವಾಗಿ ಎಷ್ಟೋ ಕಾಲವಾಗಿತ್ತು. ಗೋಡೆ ಕಪ್ಪಾಗಿತ್ತು. ಅವಳು ಹೇಳಿದಾಗಲೆಲ್ಲ ಈ ಮಹಾಶಯ ಸಿಗರೇಟು ಡಬ್ಬಿಯ ರಟ್ಟು ಮಡಚಿ ಪ್ಲಗ್ಗಿನ ಕೆಳಗೆ ತುರುಕಿ, "ರಿಪೇರಿ ಆಯ್ತು, ನಡಿ" ಅನ್ನುತ್ತಿದ್ದ.

ಒಂದು ದಿನ ಕರೆಂಟು ಬಂತು, ಫ್ರಿಜ್ಜು ಉಸಿರೆತ್ತಲಿಲ್ಲ.

"ಮೋಟರ್ ಸುಟ್ಟಿದೆ. ಪ್ಲಗ್ ಕೀಳದೆ ಎಲ್ಲಿ ಹರಟೆ ಹೊಡೀತಿದ್ದೆ?" ಎಂದು ನೆರೇಯೊ ಹಾರಾಡಿದ.

"ಕಿತ್ತಿದ್ದೆ ಕಣ್ರೀ, ದೇವರಾಣೆ."

"ಆ ಸಾಕೆಟ್ಟಿಗೆ ಬೇರೆ ಏನಾದ್ರೂ ಹಾಕಿ ನೋಡಪ್ಪ" ಎಂದೆ ಗಲಾಟೆ ಕೇಳಿ ಬಂದಿದ್ದ ನಾನು.

"ಗಂಡಸು ಮನೇಲಿದ್ದೀನಿ. ನಿನ್ನ ಬುದ್ಧಿ ನಿನ್ನ ಮನೇಲಿಟ್ಕೊ."

ಸಂಜೆಗೆ ಎದುರುಮನೆಯ ತೂಲಿಯೊ ಗಾಡಿ ತಂದ. ಸತ್ತ ಫ್ರಿಜ್ಜು ಅವನಿಗೆ, ಕಾಳಗದ ಹುಂಜ ಇವನಿಗೆ. ಕೀಳುವುದು ತಡವಾಯಿತೇನೋ, ತನ್ನದೇ ತಪ್ಪು ಅಂದುಕೊಂಡು ಎನೈದಾ ಫ್ರಿಜ್ಜು ಒರೆಸಿ ಕೊಟ್ಟಳು.

ಮಾರನೆಯ ದಿನ ಗಂಡನ ಅಂಗಿಗೆಂದು ಇಸ್ತ್ರಿಪೆಟ್ಟಿಗೆಯನ್ನು ಅದೇ ಸಾಕೆಟ್ಟಿಗೆ ಹಾಕಿದಳು. ಕಾಯಲಿಲ್ಲ. ಮುಂದಿನ ಕೋಣೆಯಲ್ಲಿ ಹಾಕಿದರೆ ಚುರ್ರೆಂದು ಕಾಯಿತು. ನನ್ನನ್ನು ಕೂಗಿದಳು. ಮೇನ್ ಆಫ್ ಮಾಡಿ ಮುಚ್ಚಳ ಬಿಚ್ಚಿದೆವು. ದಿನವೂ ಕಿತ್ತು, ಹಾಕಿ, ಕಿತ್ತು, ಒಳಗಿನ ಹಿತ್ತಾಳೆ ನಾಲಿಗೆಗಳು ಸಡಿಲವಾಗಿ ಸುಟ್ಟು ಕರಕಲಾಗಿದ್ದವು. ಅಷ್ಟು ಜೋಪಾನ ಮಾಡಿದ್ದೇ ಮುಳುವಾಗಿತ್ತು.

ಅಷ್ಟರಲ್ಲಿ ತೂಲಿಯೊನ ಬಾಗಿಲಿಗೆ 'ಐಸ್ ಸಿಗುತ್ತದೆ' ಎಂಬ ಬೋರ್ಡು ಬಿದ್ದಿತ್ತು.

"ವಾಪಸ್ ಕೊಡೋ ತಮ್ಮಾ" ಎಂದು ಅಂಗಲಾಚಿದಳು.

"ಹುಂಜ ವಾಪಸ್ ಕೊಡ್ಸು ಅಕ್ಕಾ, ಈಗಲೇ ತಗೊಂಡ್ಹೋಗು" ಎಂದು ಅವನು ನಕ್ಕ. ಹುಂಜ ಹಿಂದಿನ ರಾತ್ರಿ ಮೊದಲ ಕಾಳಗದಲ್ಲೇ ಸತ್ತಿದ್ದು ಕೇರಿಗೆಲ್ಲ ಗೊತ್ತಿತ್ತು.

ನೆರೇಯೊನಾದರೂ ಹೋಗಿ ಕೇಳಬಹುದಿತ್ತು. "ಸಾಕೆಟ್ ನೋಡೋಕೆ ಬರಲ್ಲ ಅಂತ ಊರೆಲ್ಲ ನಗಲಿ ಅಂತಾನಾ? ಬಾಯ್ಮುಚ್ಕೊಂಡಿರು" ಎಂದ. ಅವನ ಮರ್ಯಾದೆಗಿಷ್ಟು ಬೆಂಕಿ ಬೀಳ!

ಈಗ ಅವನು ಕುಡಿಯುವ ರಮ್‌ಗೆ ಐಸು ತರಲು ಅವಳೇ ಬಟ್ಟಲು ಹಿಡಿದು ಎದುರುಮನೆಗೆ ಹೋಗುತ್ತಾಳೆ. ಹೊಟ್ಟೆಪಾಡಿಗೆ ಮತ್ತೆ ಕಂಡವರ ಬಟ್ಟೆ. ಆದರೆ ಕರೆಂಟು ಹೋದಾಗ ಅವಳನ್ನು ನೋಡಲಾರೆ. ಇಸ್ತ್ರಿ ಬಿಟ್ಟು ಬೀದಿಗೆ ಓಡಿ ಬರುತ್ತಾಳೆ.

"ತೂಲಿಯೊ, ಪ್ಲಗ್ ಕೀಳೋ! ಸುಟ್ಟೋಗುತ್ತೆ ಕಣೋ, ಮೊದಲು ಪ್ಲಗ್ ಕೀಳೋ!"