ಕೊಳಲು ತಗ್ಗಿದ ಜಾಗ

ಆ ಕೊಳಲನ್ನು ನಮ್ಮ ಮನೆಯಲ್ಲಿ ಯಾರೂ ಊದಿದ್ದಲ್ಲ. ಕಂಪ್ಯೂಟರಿನೊಳಗಿನ ಕೊಳಲು ಅದು. ಎಲ್ಲೋ ಯಾರೋ ಒಬ್ಬ ಕಲಾವಿದ ಒಂದೊಂದೇ ಸ್ವರ ಊದಿ ಕೊಟ್ಟದ್ದನ್ನು ಜೋಡಿಸಿ ಇಟ್ಟಿರುತ್ತಾರೆ. ನಾನು ಕೀಬೋರ್ಡಿನ ಕೀಲಿ ಒತ್ತಿದರೆ ಅವನ ಉಸಿರು ಎದ್ದು ಬರುತ್ತದೆ. ಟಿವಿ ಧಾರಾವಾಹಿಗಳಿಗೆ ಹಿನ್ನೆಲೆ ಸಂಗೀತ ಮಾಡಿಕೊಡುವುದು ನನ್ನ ಕೆಲಸ. ಅಂಧೇರಿಯ ನಮ್ಮ ಫ್ಲ್ಯಾಟಿನ ಒಳಕೋಣೆಯೇ ಸ್ಟುಡಿಯೋ. ಕಿಟಕಿಗೆ ಫೋಮ್ ಬಡಿದು ಮುಚ್ಚಿದ್ದೇನೆ. ಬಾಗಿಲು ಹಾಕಿಕೊಂಡರೆ ಮೆಟ್ರೊ, ರಿಕ್ಷಾ, ಕೆಳಗೆ ತರಕಾರಿ ಕೂಗುವ ಭಾಜಿವಾಲಾ ಯಾವುದರ ಸದ್ದೂ ಇಲ್ಲ. ಹೊಸಬರು ಬಂದರೆ ಸ್ವಲ್ಪ ಹೊತ್ತಿಗೇ ಬಾಗಿಲು ತೆಗೆಯಿರಿ ಅನ್ನುತ್ತಾರೆ. ಕಿವಿಯೊಳಗಿನ ರಕ್ತದ ಸದ್ದು ತಮಗೇ ಕೇಳಿಸುತ್ತದಂತೆ.

ಒಂದು ಮಧ್ಯಾಹ್ನ ಹೆಂಡತಿ ಬಾಂದ್ರಾದ ತನ್ನ ಆಫೀಸಿಗೆ ಹೋಗಿದ್ದಳು. ಪೌರಾಣಿಕ ಧಾರಾವಾಹಿಯೊಂದಕ್ಕೆ ಮಾಡಿದ್ದ ಜೋಗುಳದ ಧಾಟಿಯ ತುಣುಕನ್ನು ನಾನು ಕೇಳುತ್ತ ಕುಳಿತಿದ್ದೆ. ಮೂರನೆಯ ಸಾಲಿಗೆ ಮೊದಲು ಕೊಳಲು ತಗ್ಗಿತು. ನಿಂತದ್ದಲ್ಲ, ತಗ್ಗಿದ್ದು. ಊದುತ್ತಿದ್ದವನು ಬಾಗಿಲ ಕಡೆ ತಲೆ ತಿರುಗಿಸಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ಮುಂದುವರಿಸಿದ ಹಾಗೆ. ನಾನೂ ಬಾಗಿಲ ಕಡೆ ನೋಡಿದೆ.

ಪರದೆಯ ಮೇಲೆ ಪ್ರತಿ ವಾದ್ಯಕ್ಕೂ ಒಂದು ಫೇಡರ್ ಇರುತ್ತದೆ. ಮೇಲೆ ಸರಿಸಿದರೆ ಜೋರು, ಕೆಳಗೆ ಸರಿಸಿದರೆ ಮೆತ್ತಗೆ, ಮಕ್ಕಳಿಗೂ ಗೊತ್ತಾಗುತ್ತದೆ. ಅದು ಅಲುಗಿರಲಿಲ್ಲ. ಆದರೆ ವಾದ್ಯದ ಒಳಗೆ ಇನ್ನೊಂದು ಹಿಡಿತವಿದೆ, ಎಕ್ಸ್‌ಪ್ರೆಶನ್ ಎಂದು ಹೆಸರು. ಫೇಡರ್ ಇಳಿಸುವುದು ಟಿವಿಯ ಸದ್ದು ಕಡಿಮೆ ಮಾಡಿದಂತೆ. ನನ್ನ ಈ ಕೊಳಲಿನಲ್ಲಿ ಎಕ್ಸ್‌ಪ್ರೆಶನ್ ಇಳಿಸಿದರೆ ಊದುವವನೇ ಉಸಿರು ಬಿಗಿಹಿಡಿದಂತೆ, ಸ್ವರದ ಬಣ್ಣವೇ ಬದಲಾಗುತ್ತದೆ. ಅದನ್ನು ನೋಡಬೇಕಾದರೆ ಸ್ವರಗಳ ಪುಟ ತೆರೆದು, ಕೆಳಗಿನ ಪಟ್ಟಿಯಲ್ಲಿ ಹುಡುಕಿ ತೆಗೆಯಬೇಕು. ತೆಗೆದೆ. ಅಲ್ಲೊಂದು ಗೆರೆ ಇತ್ತು.

ಮೌಸ್ ಹಿಡಿದು ಎಳೆದ ಗೆರೆ. ಮೆಲ್ಲಗೆ ಇಳಿದು, ತಳದಲ್ಲಿ ಒಂದಿಷ್ಟು ನಡುಗಿ, ಇನ್ನೂ ಮೆಲ್ಲಗೆ ಏರಿತ್ತು. ನಾನು ಹಾಗೆ ಎಳೆಯುವುದಿಲ್ಲ. ನನಗೆ ಅಷ್ಟು ತಾಳ್ಮೆ ಇಲ್ಲ. ಕೀಬೋರ್ಡಿನ ಅಂಚಿನಲ್ಲಿರುವ ಚಕ್ರ ತಿರುಗಿಸಿ ಅದೇ ಕೆಲಸ ಮುಗಿಸುವವನು. ಅಳಿಸಿದೆ, ಸೇವ್ ಮಾಡಿದೆ.

ಕೆಲವು ದಿನಗಳ ಮೇಲೆ ಅದೇ ತುಣುಕು ತೆರೆದರೆ ಗೆರೆ ಇತ್ತು.

ನಾನು ಭೌತವಿಜ್ಞಾನ ಓದಿದವನು. ಪದವಿಯಿಂದ ಅನ್ನ ಹುಟ್ಟಲಿಲ್ಲವಾದರೂ ಒಂದು ಅಭ್ಯಾಸ ಉಳಿಯಿತು: ಏನಾದರೂ ವಿಚಿತ್ರವಾದರೆ ಮೊದಲು ಬೇಸರದ ಕಾರಣಗಳನ್ನು ಹುಡುಕುತ್ತೇನೆ. ಹಳೆಯ ಬ್ಯಾಕಪ್ ತೆರೆದುಕೊಂಡಿರಬಹುದು. ಕೀಬೋರ್ಡಿನ ಚಕ್ರ ಕೆಟ್ಟು ತಾನೇ ಸಂಕೇತ ಕಳಿಸುತ್ತಿರಬಹುದು. ಕೀಬೋರ್ಡಿನ ತಂತಿ ಕಿತ್ತೆ, ಬ್ಯಾಕಪ್‌ಗಳನ್ನು ಅಳಿಸಿದೆ, ಗೆರೆಯನ್ನು ಮತ್ತೆ ತೆಗೆದುಹಾಕಿ ಖಾಲಿ ಪಟ್ಟಿಯ ಫೋಟೊ ಫೋನಿನಲ್ಲಿ ತೆಗೆದಿಟ್ಟೆ. ಮರುವಾರ ಗೆರೆ ಅದೇ ಜಾಗದಲ್ಲಿತ್ತು. ಫೋಟೊದಲ್ಲಿ ಪಟ್ಟಿ ಖಾಲಿ. ತಳದ ನಡುಕ ಮಾತ್ರ ಹಿಂದಿನದಕ್ಕಿಂತ ಬೇರೆ ಥರ ಇತ್ತು. ಬ್ಯಾಕಪ್ ಆಗಿದ್ದರೆ ನಡುಕವೂ ಅದೇ ಇರಬೇಕಿತ್ತು. ಯಾರೋ ಕುಳಿತು ಹೊಸದಾಗಿ ಎಳೆದಿದ್ದರು.

ಅಷ್ಟರಲ್ಲಿ ಧಾರಾವಾಹಿಯ ನಿರ್ದೇಶಕ ಫೋನ್ ಮಾಡಿದ. ನಾನು ಗೆರೆ ಅಳಿಸಿಯೇ ಕಳಿಸಿದ್ದೆನೆಂದುಕೊಂಡಿದ್ದೆ. ಅವನು ಹೊಗಳಿದ್ದು ಆ ಜಾಗವನ್ನೇ, ಮೂರನೆಯ ಸಾಲಿಗೆ ಮೊದಲು ಕೊಳಲು ತಗ್ಗುವುದನ್ನು. ಕೊನೆಗೆ ಊದಿದ್ದು ಯಾರೆಂದು ಕೇಳಿದ, "ಬಾಂಸುರಿ ಕಿಸ್‌ನೇ ಬಜಾಯೀ, ದಾದಾ?"

ಏನೋ ಹೇಳಿ ಮಾತು ಮುಗಿಸಿದೆ.

ಫೈಲು ಕೊನೆಯ ಬಾರಿ ಸೇವ್ ಆದದ್ದು ಹಿಂದಿನ ದಿನದ ಮಧ್ಯಾಹ್ನ ಎಂದು ಕಂಪ್ಯೂಟರ್ ಹೇಳುತ್ತಿತ್ತು. ಆ ಮಧ್ಯಾಹ್ನ ನಾನು ಮನೆಯಲ್ಲಿರಲಿಲ್ಲ. ಕನ್ನಡಕದ ಕಾಲು ಸರಿ ಮಾಡಿಸಲು ಬಾಂದ್ರಾಕ್ಕೆ ಹೋಗಿದ್ದೆ. ಸ್ಟೇಷನ್ನಿನಲ್ಲಿ ಮಳೆಗೆ ಸಿಕ್ಕಿಕೊಂಡಿದ್ದೆ, ಪಕ್ಕದವನ ಕೊಡೆಯ ನೀರು ನನ್ನ ಚಪ್ಪಲಿಯೊಳಗೆ ಇಳಿದಿತ್ತು. ಇದನ್ನು ಹೆಂಡತಿಗೆ ಹೇಳಿದಾಗ ಅವಳು ನಿನ್ನೆ ಮಳೆಯೇ ಬಂದಿರಲಿಲ್ಲವಲ್ಲ ಎಂದಳು. ಕನ್ನಡಕ ಸರಿಯಾದದ್ದು ಹೋದ ವಾರವಂತೆ. ನಾನು ವಾದ ಮಾಡಲಿಲ್ಲ. ಕಾಲ್ಬೆರಳ ನಡುವಿನ ಆ ತಣ್ಣಗಿನ ನೀರು ಈಗಲೂ ನೆನಪಿದೆ. ನೆನಪು ಸ್ಪಷ್ಟವಾಗಿರುವುದು ಅದು ನಿಜವೆನ್ನುವುದಕ್ಕೆ ಪುರಾವೆಯಲ್ಲ ಎಂಬುದೂ ಗೊತ್ತಿದೆ.

ಅಮ್ಮ ಮರೆವಿನ ಕಾಯಿಲೆಯಲ್ಲಿ ಹೋದವಳು. ಕೊನೆಯ ವರ್ಷಗಳಲ್ಲಿ ನಮ್ಮ ಜೊತೆಗೇ ಇದ್ದಳು. ಅವಳ ಕಾಯಿಲೆ ನಮಗೆ ಗೊತ್ತಾದದ್ದು ಮರೆವಿನಿಂದಲ್ಲ. ಮಧ್ಯಾಹ್ನ ಯಾರೋ ಒಳಗೆ ಬಂದು ಬಟ್ಟೆ ಮಡಚಿಟ್ಟು ಹೋಗುತ್ತಾರೆ ಎಂದು ಅವಳು ಹೇಳತೊಡಗಿದ್ದಳು. ಹೆದರಿಕೆಯಿಂದಲ್ಲ, ಚೆನ್ನಾಗಿ ಮಡಚುತ್ತಾರೆ ಎಂದು ಮೆಚ್ಚಿಕೊಂಡೇ ಹೇಳುತ್ತಿದ್ದಳು. ಮಡಚುತ್ತಿದ್ದವಳು ಅವಳೇ.

ನಾನು ದೆವ್ವವನ್ನು ನಂಬುವವನಲ್ಲ. ಆ ವಾರ ಮಾತ್ರ ದೆವ್ವವೇ ಆಗಿರಲಿ ಎಂದು ಬಯಸಿದೆ. ದೆವ್ವವಾಗಿದ್ದರೆ ಕೋಣೆ ಬದಲಾಯಿಸಬಹುದಿತ್ತು. ಬಾಗಿಲು ಹಾಕಿ, ಏನೂ ನುಡಿಸದೆ, ಬಿಸಿಲ ಹೊತ್ತಿನಲ್ಲಿ ಕಾದು ಕುಳಿತೆ. ಕುರ್ಚಿ ಕಿರುಗುಟ್ಟಿದರೆ ಒಳಗೊಳಗೇ ಆಸೆಯಾಗುತ್ತಿತ್ತು. ಪರದೆಯ ಕಪ್ಪಿನಲ್ಲಿ ನನ್ನ ಮುಖ ಕಾಣುತ್ತಿತ್ತು, ಅದರ ಹಿಂದೆ ಸೋಫಾ, ಸೋಫಾದ ಮೇಲೆ ಯಾರೂ ಇಲ್ಲ.

ಭಾನುವಾರ ಅಡುಗೆಮನೆಯಲ್ಲಿ ಹೆಂಡತಿ ಅಲಸಂಡೆ ಹೆಚ್ಚುತ್ತಿದ್ದಳು. ಚಹಾ ಕುಡಿಯುತ್ತ ಕೊಳಲಿನ ಕಥೆಯನ್ನೆಲ್ಲ ತಮಾಷೆಯ ಹಾಗೆ ಹೇಳಿದೆ. ಮೊದಲು ನಕ್ಕಳು, ನಿಮ್ಮ ಕೊಳಲಿಗೆ ನಿಮಗಿಂತ ಜಾಸ್ತಿ ಬುದ್ಧಿ ಉಂಟು ಎಂದಳು. ಆಮೇಲೆ ನಾನು, "ಮಧ್ಯಾಹ್ನ ಯಾರೋ ಬಂದು ಹೋಗ್ತಾರೆ ಅನ್ನಿಸ್ತದೆ" ಎಂದೆ.

ಅವಳ ಚೂರಿ ನಿಂತಿತು. ಅತ್ತೆಯ ಜೊತೆ ಆ ವರ್ಷಗಳನ್ನೆಲ್ಲ ಕಳೆದವಳು ಅವಳೇ.

"ಅದು ನಾನೇ ಮಾರಾಯ್ರೆ," ಎಂದಳು, ಹೆಚ್ಚುವುದನ್ನು ಮುಂದುವರಿಸುತ್ತ. "ಹಾಫ್ ಡೇ ಹಾಕಿ ಬಂದಿದ್ದೆ, ನೀವು ಮಲಗಿದ್ರಿ. ಕೊಳಲು ಅಲ್ಲಿ ಜೋರಾಯ್ತು ಅಂತ ತಗ್ಗಿಸಿದೆ. ಬೈತೀರಿ ಅಂತ ಹೇಳ್ಲಿಲ್ಲ."

ನನಗಾದ ಸಮಾಧಾನಕ್ಕೆ ನಗು ಬಂತು. ಇನ್ನೊಂದು ಲೋಟ ಚಹಾ ಕೇಳಿದೆ. ಮೂರು ಸಲವೂ ನೀನೇನಾ ಎಂದರೆ ಹೌದು ಎಂದಳು. ಹಾಗಾದರೆ ಹೇಗೆ ಮಾಡಿದೆ ತೋರಿಸು, ನನಗಿಂತ ಚೆನ್ನಾಗಿ ಮಾಡಿದ್ದೀಯ ಎಂದೆ. ಪರೀಕ್ಷೆ ಮಾಡುವ ಉದ್ದೇಶ ಇರಲಿಲ್ಲ. ನಿಜವಾಗಿಯೂ ನೋಡಬೇಕೆನಿಸಿತ್ತು.

ಕೈ ಒರೆಸಿಕೊಂಡು ಬಂದು ನನ್ನ ಕುರ್ಚಿಯಲ್ಲಿ ಕುಳಿತಳು. ತುಣುಕು ಹಾಕಿದೆ. ಮೂರನೆಯ ಸಾಲು ಹತ್ತಿರ ಬಂದಾಗ ಅವಳು ಮೌಸ್ ಹಿಡಿದು, ಪರದೆಯ ಮೇಲೆ ಫೇಡರ್ ಹುಡುಕಿ ಕೆಳಗೆ ಸರಿಸಿ, "ಹೀಗೆ" ಎಂದಳು. ಸರಿಸಿದ್ದು ತಂಬೂರಿಯ ಫೇಡರನ್ನು. ತಂಬೂರಿ ಮೆತ್ತಗಾಯಿತು. ಕೊಳಲು, ತನ್ನ ಜಾಗದಲ್ಲಿ, ತನ್ನ ಪಾಡಿಗೆ ತಾನು ತಗ್ಗಿತು, ನಡುಗಿತು, ಏರಿತು.

ಅವಳು ಇನ್ನೂ ಮೌಸ್ ಹಿಡಿದೇ ಇದ್ದಳು. ತುಣುಕು ಮುಗಿಯಿತು.

"ಯಾವಾಗಿಂದ ಗೊತ್ತು ನಿನಗೆ?" ಎಂದೆ.

ಅವಳು ತಿರುಗಲಿಲ್ಲ. ಪರದೆ ನೋಡುತ್ತಲೇ ಹೇಳಿದಳು: ಗಣಪತಿ ರಜೆಯಲ್ಲಿ ನಾನು ಅವಳನ್ನು ಕರೆದು ಹಿಂದಿನ ಸೋಫಾದಲ್ಲಿ ಕೂರಿಸಿ, ಒಂದು ಜಾಗ ಮಾಡಿದ್ದೇನೆ ಕೇಳು ಎಂದು ಇದನ್ನು ಕೇಳಿಸಿದ್ದೆನಂತೆ. ಅವಳಿಗೆ ಕಂಡದ್ದು ನನ್ನ ಬೆನ್ನು ಮಾತ್ರ. ಮರುದಿನ ಮತ್ತೆ ಕರೆದು, ಅದೇ ಸೋಫಾದಲ್ಲಿ ಕೂರಿಸಿ, ಅದೇ ಮಾತು ಹೇಳಿ ಕೇಳಿಸಿದೆನಂತೆ.

"ನೀನು ಏನಂದೆ?"

"ಎಂತ ಅನ್ಲಿಕ್ಕೆ? ಚಂದ ಉಂಟು ಅಂದೆ. ಮೊದಲ ಸಲ ಕೇಳಿದವಳ ಹಾಗೆ."

ಪರೇಲಿನಲ್ಲಿ ಇದಕ್ಕೆಂದೇ ನೋಡುವ ಡಾಕ್ಟರರೊಬ್ಬರು ಇದ್ದಾರೆ, ಸೋಮವಾರಕ್ಕೆ ಹೆಸರು ಕೊಟ್ಟಾಗಿದೆ ಎಂದೂ ಹೇಳಿದಳು. ಆಫೀಸಿಗೆ ರಜೆ ಹಾಕಿದ್ದಾಳೆ. ವಯಸ್ಸಿಗೆ ಇದೆಲ್ಲ ಇರುತ್ತದೆ, ನಿದ್ದೆ ಕಡಿಮೆಯಾದರೂ ಹೀಗಾಗುತ್ತದೆ, ಸುಮ್ಮನೆ ಟೆನ್ಶನ್ ತಗೊಳ್ಳುವುದು ಬೇಡ ಎಂದಳು. ನಾನು ಎಲ್ಲಕ್ಕೂ ತಲೆಯಾಡಿಸಿದೆ. ಎಷ್ಟು ಬೇಗ ತಲೆಯಾಡಿಸುತ್ತಿದ್ದೇನೆ ಎಂದು ನನಗೇ ಆಶ್ಚರ್ಯವಾಯಿತು. ಡಾಕ್ಟರರ ಹೆಸರು ಕೇಳಿದಾಗಲೂ ಹೊಸದೆನಿಸಲಿಲ್ಲ.

"ಈ ಸೋಮವಾರದ ವಿಷಯ ನನಗೆ ಮೊದಲೇ ಹೇಳಿದ್ದೆಯಾ?" ಎಂದೆ.

ಅವಳು ಮೌಸನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

"ಇಲ್ಲ ಮಾರಾಯ್ರೆ. ಈಗಲೇ ಹೇಳಿದ್ದು," ಎಂದಳು. ಕೊಳಲು ತಗ್ಗಿಸಿದ್ದು ತಾನೇ ಎಂದು ಅಡುಗೆಮನೆಯಲ್ಲಿ ಹೇಳಿದಾಗ ಅವಳ ದನಿ ಹೇಗಿತ್ತೋ ಈಗಲೂ ಹಾಗೆಯೇ ಇತ್ತು.